ಗೊರಕೆಗೂ ಸ್ಲೀಪ್ ಅಪ್ನಿಯಾಗೂ ಅಳತೆಗೆ ಮಾಡಿಸುವ ಹಲ್ಲಿನ ಸಾಧನ: ನಿದ್ರೆ ಪರೀಕ್ಷೆಯಿಂದ ಕೊನೆಯ ಸ್ಕ್ರೂ ತಿರುವಿನವರೆಗೆ

ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ತಂದು ರಾತ್ರಿಯಿಡೀ ಅಲ್ಲೇ ಹಿಡಿದಿಡುವುದು: ಈ ಸಾಧನದ ಕೆಲಸ ಇಷ್ಟೇ. ನಾಲಿಗೆಯ ಮುಖ್ಯ ಸ್ನಾಯು ಕೆಳದವಡೆಯ ಒಳಬದಿಗೆ ಕಟ್ಟಿಕೊಂಡಿದೆ. ದವಡೆ ಮುಂದೆ ಬಂದರೆ ನಾಲಿಗೆ ಹಿಂದಕ್ಕೆ ಜಾರದೆ ನಿಲ್ಲುತ್ತದೆ, ಕಿರುನಾಲಿಗೆಯ ಹಿಂದಿನ ದಾರಿ ಅಡ್ಡಗಲಕ್ಕೂ ಹಿಗ್ಗುತ್ತದೆ. ಗಾಳಿ ಸಲೀಸಾಗಿ ಓಡಾಡಿದರೆ ಗಂಟಲು ಅದುರುವುದಿಲ್ಲ, ಗೊರಕೆ ತಗ್ಗುತ್ತದೆ. ದಾರಿ ಮುಚ್ಚದಿದ್ದರೆ ಉಸಿರೂ ಕಟ್ಟುವುದಿಲ್ಲ. ನಿದ್ದೆಯಲ್ಲಿ ಹೀಗೆ ಮತ್ತೆ ಮತ್ತೆ ಉಸಿರು ಕಟ್ಟುವ ಕಾಯಿಲೆಯೇ ಸ್ಲೀಪ್ ಅಪ್ನಿಯಾ.

ಇಷ್ಟು ಸರಳವಾದ ಸಾಧನ ಮೂರೇ ತಿಂಗಳಲ್ಲಿ ಬೀರು ಸೇರುವುದೂ ಉಂಟು. ಕಾರಣ ಹೆಚ್ಚಾಗಿ ಸಾಧನದಲ್ಲಿರುವುದಿಲ್ಲ. ಕನ್ನಡಕದ ಹಾಗೆ ಒಮ್ಮೆ ಮಾಡಿಸಿ ತಂದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಇಲ್ಲಿ ಸಾಧನ ಕೈಗೆ ಬಂದ ಮೇಲೆ ಅರ್ಧ ಕೆಲಸ ಬಾಕಿ ಇರುತ್ತದೆ: ದವಡೆಯನ್ನು ಮಿಲಿಮೀಟರಿನ ಕಾಲು ಭಾಗದಷ್ಟು ಮುಂದಕ್ಕೆ ಸರಿಸುತ್ತಾ ಹೋಗುವುದು, ಆಮೇಲೆ ಅದನ್ನು ಹಾಕಿಕೊಂಡೇ ಮತ್ತೊಮ್ಮೆ ನಿದ್ರೆ ಪರೀಕ್ಷೆ ಮಾಡಿಸುವುದು. ಆ ಎರಡನ್ನೂ ಮಾಡಿಸುವ ಮನಸ್ಸಿಲ್ಲದಿದ್ದರೆ ದುಡ್ಡು ಹಾಕದಿರುವುದೇ ಮೇಲು.

ಮೊದಲು ನಿದ್ರೆ ಪರೀಕ್ಷೆ, ಆಮೇಲೆ ಹಲ್ಲಿನ ಡಾಕ್ಟರ್

ಈ ಕ್ರಮ ತಿರುವುಮುರುವಾಗಬಾರದು. ಬರೀ ಗೊರಕೆಯೋ, ಉಸಿರು ಕಟ್ಟುವ ಕಾಯಿಲೆಯೋ ಎಂದು ಬಾಯಿ ನೋಡಿ ಹೇಳಲಾಗದು. ಮನೆಯಲ್ಲೇ ಒಂದಿಷ್ಟು ಗಮನಿಸಿಕೊಳ್ಳಬಹುದು: ಗೊರಕೆ ಪಕ್ಕದ ಕೋಣೆಗೂ ಕೇಳುತ್ತದೆಯೇ, ಹಗಲೆಲ್ಲ ಸುಸ್ತೇ, ನಿದ್ದೆಯಲ್ಲಿ ಉಸಿರು ನಿಂತಿದ್ದನ್ನು ಮನೆಯವರು ಕಂಡಿದ್ದಾರೆಯೇ, ಬಿ.ಪಿ. ಇದೆಯೇ, ವಯಸ್ಸು 50 ದಾಟಿದೆಯೇ, ಕುತ್ತಿಗೆಯ ಸುತ್ತಳತೆ 40 ಸೆಂ.ಮೀ. ಮೀರಿದೆಯೇ, ತೂಕ ಹೆಚ್ಚಿದೆಯೇ, ಗಂಡಸೇ? ಇವುಗಳಲ್ಲಿ ಮೂರಕ್ಕೆ ಹೌದು ಎಂದರೂ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದ ಮಿಮ್ಸ್, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಇವುಗಳಲ್ಲಿ ನಿಮಗೆ ಹತ್ತಿರದ್ದಕ್ಕೆ ಹೋಗಿ ಶ್ವಾಸಕೋಶ ವಿಭಾಗದಲ್ಲಿ ಇಲ್ಲವೇ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಿದರೆ ಪರೀಕ್ಷೆ ಎಲ್ಲಿ, ಯಾವಾಗ ಎಂಬುದು ಗೊತ್ತಾಗುತ್ತದೆ.

ರಿಪೋರ್ಟಿನಲ್ಲಿ ಎಲ್ಲರೂ ನೋಡುವುದು ಎಎಚ್‌ಐ ಎಂಬ ಸಂಖ್ಯೆಯನ್ನು. ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಇಲ್ಲವೇ ಕುಗ್ಗಿತು ಎಂಬ ಲೆಕ್ಕ ಅದು. ಒಂದೊಂದೂ ಕನಿಷ್ಠ 10 ಸೆಕೆಂಡಿನದಾಗಿರಬೇಕು. 5ಕ್ಕಿಂತ ಕಡಿಮೆ ಇದ್ದರೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ಮೀರಿದರೆ ತೀವ್ರ. ಇಷ್ಟಕ್ಕೇ ನಿಲ್ಲಬೇಡಿ, ಇನ್ನೂ ಮೂರನ್ನು ಕೇಳಿ: ಆಮ್ಲಜನಕ ಎಷ್ಟರವರೆಗೆ ಇಳಿಯಿತು, ಅಂಗಾತ ಮಲಗಿದಾಗ ಎಷ್ಟು ಮತ್ತು ಮಗ್ಗುಲಾಗಿದ್ದಾಗ ಎಷ್ಟು, ತಡೆ ಗಂಟಲಿನದೋ ಮಿದುಳಿನ ಸಂಕೇತದ್ದೋ. ಕೊನೆಯದು ಸೆಂಟ್ರಲ್ ಅಪ್ನಿಯಾ. ಅದರಲ್ಲಿ ಉಸಿರಾಡು ಎಂಬ ಆಜ್ಞೆಯೇ ಬರುವುದಿಲ್ಲ, ದವಡೆ ಎಷ್ಟು ಎಳೆದರೂ ಪ್ರಯೋಜನವಿಲ್ಲ.

ಮನೆಗೇ ಕೊಟ್ಟು ಕಳಿಸುವ ಪುಟ್ಟ ಯಂತ್ರದಲ್ಲಿ ಒಂದು ಕೊರತೆಯಿದೆ. ಅದಕ್ಕೆ ನಿದ್ದೆ ಬಂತೋ ಇಲ್ಲವೋ ತಿಳಿಯದು, ಓಡಿದ ಗಂಟೆಯನ್ನಷ್ಟೇ ಹಿಡಿಯುತ್ತದೆ. ಯಂತ್ರ ಓಡಿದ್ದು 6 ಗಂಟೆ, ನಿದ್ದೆ ಬಂದದ್ದು 4 ಗಂಟೆ, ತಡೆಗಳು 60 ಎಂದಿಟ್ಟುಕೊಳ್ಳಿ: ನಿಜಕ್ಕೂ ಗಂಟೆಗೆ 15, ರಿಪೋರ್ಟಿನಲ್ಲಿ 10. ಹೊರಳಾಡಿ ಕಳೆದ ರಾತ್ರಿಯ ರಿಪೋರ್ಟ್ ಕಾಯಿಲೆಯನ್ನು ಕಡಿಮೆ ಮಾಡಿ ತೋರಿಸಬಹುದು ಎಂಬುದು ನೆನಪಿರಲಿ.

ಯಾರಿಗೆ ಹೊಂದುತ್ತದೆ

ಸೌಮ್ಯ ಮತ್ತು ಮಧ್ಯಮ ಹಂತದವರಿಗೆ, ಅಂಗಾತ ಮಲಗಿದಾಗ ಮಾತ್ರ ಹೆಚ್ಚು ತೊಂದರೆ ಇರುವವರಿಗೆ, ತೀರಾ ದಪ್ಪವಿಲ್ಲದವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಕಾಯಿಲೆ ಇಲ್ಲದ ಬರೀ ಗೊರಕೆಗೂ ಸರಿ. ತೀವ್ರ ಹಂತದಲ್ಲಿ ಮೊದಲ ಆಯ್ಕೆ ಸಿಪ್ಯಾಪ್, ಅಂದರೆ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲಿನ ದಾರಿಯನ್ನು ತೆರೆದಿಡುವ ಯಂತ್ರ. ಆಸ್ಟ್ರೇಲಿಯಾದ ಕಾಲಿನ್ ಸುಲ್ಲಿವನ್ 1981ರಲ್ಲಿ ಪ್ರಕಟಿಸಿದ ಈ ಗಾಳಿಯೊತ್ತಡದ ವಿಧಾನಕ್ಕೆ ಉಸಿರುತಡೆಯ ಸಂಖ್ಯೆಯನ್ನು ಇಳಿಸುವುದರಲ್ಲಿ ಇವತ್ತಿಗೂ ಸಾಟಿಯಿಲ್ಲ. ಆದರೆ ಮಾಸ್ಕ್ ಸಹಿಸದೆ ನಡುರಾತ್ರಿ ಕಿತ್ತಿಡುವವರು ಬಹಳ. ಬಾಯಿಯ ಸಾಧನ ಸ್ವಲ್ಪ ಕಡಿಮೆ ಕೆಲಸ ಮಾಡಿದರೂ ಜನ ಅದನ್ನು ಹೆಚ್ಚು ಹೊತ್ತು ಹಾಕಿಕೊಳ್ಳುತ್ತಾರೆ, ಹಾಗಾಗಿ ಒಟ್ಟು ಫಲದಲ್ಲಿ ಅಂತರ ತಗ್ಗುತ್ತದೆ. ಅಮೆರಿಕದ ನಿದ್ರಾ ವೈದ್ಯರ ಮತ್ತು ದಂತವೈದ್ಯರ ಸಂಘಗಳು 2015ರಲ್ಲಿ ಜಂಟಿಯಾಗಿ ಹೊರತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಸಿಪ್ಯಾಪ್ ಒಗ್ಗದವರಿಗೆ, ಬೇಡವೆನ್ನುವವರಿಗೆ ಈ ಸಾಧನ ಕೊಡಬಹುದು, ಅದು ಅವರವರ ಅಳತೆಗೆ ಮಾಡಿದ್ದಾಗಿರಬೇಕು, ಸರಿಸಲು ಬರುವಂಥದ್ದಾಗಿರಬೇಕು.

ಒಂದು ವರ್ಗದವರು ಮಾತ್ರ ಕಾಯಬಾರದು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಟ್ಯಾಕ್ಸಿ ಓಡಿಸುವವರು, ಕಬ್ಬು ಅರೆಯುವ ಕಾಲದಲ್ಲಿ ರಾತ್ರಿ ಲಾರಿ, ಟ್ರ್ಯಾಕ್ಟರ್ ಹೊಡೆಯುವವರು, ಸ್ಟೀರಿಂಗ್ ಹಿಡಿದು ತೂಕಡಿಸುವ ಯಾರೇ ಆಗಲಿ, ಇಂದೇ ಪರಿಹಾರ ಬೇಕಾದವರು. ಬಾಯಿಯ ಸಾಧನ ಪೂರ್ತಿ ಹದಕ್ಕೆ ಬರಲು ವಾರಗಟ್ಟಲೆ ಬೇಕು, ಸಿಪ್ಯಾಪ್ ಹಾಕಿದ ರಾತ್ರಿಯೇ ಕೆಲಸ ಶುರು ಮಾಡುತ್ತದೆ. ಮೊದಲು ಅದು, ಇದನ್ನು ಆಮೇಲೆ ಯೋಚಿಸಬಹುದು. ಇನ್ನು ಗೊರಕೆ ಹೊಡೆಯುವ ಮಕ್ಕಳದು ಬೇರೆಯದೇ ಲೆಕ್ಕ. ಅವರಲ್ಲಿ ಟಾನ್ಸಿಲ್, ಅಡಿನಾಯ್ಡ್ ನೋಡಿಸಬೇಕು.

ಬಾಯಿ ತಯಾರಿದೆಯೇ

ಸಾಧನಕ್ಕೆ ಹಿಡಿತ ಬೇಕು, ಹಿಡಿತ ಕೊಡುವುದು ಹಲ್ಲು. ಮೇಲೆ ಎಂಟು, ಕೆಳಗೆ ಎಂಟಾದರೂ ಗಟ್ಟಿ ಹಲ್ಲಿದ್ದರೆ ಕೆಲಸ ನಿರಾಳ. ಕೆಳದವಡೆ ತಾನಾಗಿ ಕನಿಷ್ಠ 5 ಮಿ.ಮೀ. ಮುಂದೆ ಬರಬೇಕು. ಬಾಯಿ ಸಾಕಷ್ಟು ತೆರೆಯಬೇಕು. ಮನೆಯಲ್ಲೇ ನೋಡಿಕೊಳ್ಳುವ ವಿಧಾನ: ತೋರು, ನಡು, ಉಂಗುರದ ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಿ. ಮೂರೂ ಹೋದರೆ ಸರಿ. ಎರಡೇ ಹೋದರೆ ವೈದ್ಯರಿಗೆ ಹೇಳಿ.

ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರಿನಂತೆ ಬಿಗಿದು ಬಾಯಿ ತೆರೆಯುವುದು ವರ್ಷ ವರ್ಷಕ್ಕೂ ಕಿರಿದಾಗುತ್ತದೆ. ಅಂಥ ಬಾಯಿಗೆ ಅಚ್ಚಿನ ಟ್ರೇ ಕೂಡ ಹೋಗದು. ಅದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ, ಗೊರಕೆಗಿಂತ ಮೊದಲು ಅದಕ್ಕೇ ಚಿಕಿತ್ಸೆಯಾಗಬೇಕು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡೇ ಬಂದ ಹಿರಿಯರದು ಇನ್ನೊಂದು ತೊಡಕು: ಹಲ್ಲು ಸವೆದು ಮೋಟಾಗಿರುತ್ತದೆ, ಅದರ ಮೇಲೆ ಸಾಧನ ಜಾರುತ್ತದೆ. ಹಲ್ಲಿನ ಹೊರಬದಿಗೆ ಸಿಮೆಂಟಿನಂಥ ಕಾಂಪೋಸಿಟ್‌ನ ಸಣ್ಣ ಉಬ್ಬು ಅಂಟಿಸಿ, ಸಾಧನ ಅದಕ್ಕೆ ಕಚ್ಚಿಕೊಳ್ಳುವಂತೆ ಮಾಡಬಹುದು. ಇದನ್ನು ಅಚ್ಚು ತೆಗೆಯುವ ಮೊದಲೇ ಮಾಡಬೇಕು.

ಹುಳುಕು ತುಂಬಿಸುವುದು, ರೂಟ್ ಕೆನಾಲ್, ಕ್ಯಾಪ್, ಬ್ರಿಡ್ಜ್, ಕೀಳಬೇಕಾದ ಹಲ್ಲು, ಎಲ್ಲವನ್ನೂ ಅಚ್ಚಿಗೆ ಮೊದಲೇ ಮುಗಿಸಿಬಿಡಿ. ಸಾಧನ ಬಂದ ಮೇಲೆ ಹೊಸ ಕ್ಯಾಪ್ ಹಾಕಿಸಿದರೆ ಆ ಜಾಗದಲ್ಲಿ ಸಾಧನ ಕೂರುವುದಿಲ್ಲ. ಹಾಕಿಸಲೇಬೇಕಾಗಿ ಬಂದರೆ ಸಾಧನವನ್ನೂ ಜೊತೆಗೆ ಒಯ್ದು, ಕ್ಯಾಪ್ ಅದಕ್ಕೆ ಹೊಂದುವಂತೆ ಮಾಡಿ ಎಂದು ಮೊದಲೇ ಹೇಳಿ. ವಸಡಿನಲ್ಲಿ ರಕ್ತ, ಕೀವು ಇದ್ದರೆ, ಹಲ್ಲು ಅಲುಗಾಡುತ್ತಿದ್ದರೆ ವಸಡಿನ ಚಿಕಿತ್ಸೆಯಾಗಿ ಅದು ನಿಂತ ಮೇಲೇ ಮುಂದಿನ ಮಾತು. ರಾತ್ರಿಯಿಡೀ ಎಳೆತಕ್ಕೆ ಸಿಕ್ಕರೆ ಸಡಿಲ ಹಲ್ಲು ಇನ್ನೂ ಸಡಿಲವಾಗುತ್ತದೆ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿರುವವರು ಅದು ಮುಗಿಯುವವರೆಗೆ ಕಾಯಬೇಕು.

ಮೂಗು ಕಟ್ಟಿದ್ದರೆ? ಇದನ್ನು ಮರೆಯುವವರೇ ಹೆಚ್ಚು. ಬಾಯಿಯಿಂದ ಉಸಿರಾಡುತ್ತಾ ಮಲಗಿದರೆ ದವಡೆ ಕೆಳಗೆ ಜೋತು ಸಾಧನದ ಫಲ ತಗ್ಗುತ್ತದೆ. ಮೂಗಿನ ಅಲರ್ಜಿ, ಓರೆಯಾದ ನಡುಗೋಡೆ ಇದ್ದರೆ ಇಎನ್‌ಟಿ ವೈದ್ಯರಿಗೆ ಮೊದಲೇ ತೋರಿಸಿ.

ಹಲ್ಲೇ ಇಲ್ಲದವರಿಗೆ ನಾಲಿಗೆ ಹಿಡಿಯುವ ಸಾಧನವಿದೆ. ಅದರ ಮೆದು ಗುಳ್ಳೆಯಂಥ ಭಾಗದೊಳಗೆ ನಾಲಿಗೆಯ ತುದಿ ಇಟ್ಟು ಗಾಳಿ ಹೊರಗೆ ಒತ್ತಿದರೆ ಅದು ನಾಲಿಗೆಯನ್ನು ಮುಂದಕ್ಕೆ ಹೀರಿ ಹಿಡಿಯುತ್ತದೆ. ಕೆಲವರಿಗೆ ನಾಲಿಗೆ ಜೋಮು ಹಿಡಿಯುತ್ತದೆ, ಒಗ್ಗಿಸಿಕೊಳ್ಳಲು ತಾಳ್ಮೆ ಬೇಕು.

ಅಚ್ಚು ಮತ್ತು ಕಚ್ಚಿನ ಅಳತೆ

ಮೈಸೂರಿನ ಜೆಎಸ್‌ಎಸ್, ಫಾರೂಕಿಯಾ ದಂತ ಕಾಲೇಜುಗಳಲ್ಲಿ ಹಲ್ಲು ಕಟ್ಟುವ ಪ್ರಾಸ್ಥೊಡಾಂಟಿಕ್ಸ್ ವಿಭಾಗದವರೂ ಕ್ಲಿಪ್ ಹಾಕುವ ಆರ್ಥೊಡಾಂಟಿಕ್ಸ್ ವಿಭಾಗದವರೂ ಇದ್ದಾರೆ. ಖಾಸಗಿ ಕ್ಲಿನಿಕ್ ಆದರೆ ಈ ಎರಡರಲ್ಲಿ ಒಂದನ್ನು ಓದಿದವರನ್ನು ಹುಡುಕಿ, ಇಂಥ ಸಾಧನ ಮಾಡುತ್ತೀರಾ, ಸರಿಸುವ ಭೇಟಿಗಳನ್ನು ನೀವೇ ನೋಡುತ್ತೀರಾ ಎಂದು ನೇರವಾಗಿ ಕೇಳಿ. ಹಲವು ಬಾರಿ ಹೋಗಿಬರಬೇಕಾಗುತ್ತದೆ. ಮಂಡ್ಯದವರು ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಮಾಡಿಸಿ ಮುಂದಿನ ಭೇಟಿ ತಪ್ಪಿಸುವುದಕ್ಕಿಂತ 45 ಕಿಲೋಮೀಟರಿನ ಮೈಸೂರು ವಾಸಿ. ಖರ್ಚು ಕೇಳುವಾಗಲೂ ಮೊದಲ ಪರೀಕ್ಷೆ, ಸಾಧನ, ಸರಿಸುವ ಭೇಟಿಗಳು, ಕೊನೆಯ ಪರೀಕ್ಷೆ, ನಾಲ್ಕನ್ನೂ ಬಿಡಿಬಿಡಿಯಾಗಿ ಕೇಳಿ ಬರೆಸಿಕೊಳ್ಳಿ.

ಹಲ್ಲಿನ ಅಚ್ಚನ್ನು ಮೂರು ಬಗೆಯಲ್ಲಿ ತೆಗೆಯುತ್ತಾರೆ. ಆಲ್ಜಿನೇಟ್ ಅಗ್ಗ, ಆದರೆ ಒಣಗಿದಷ್ಟೂ ಕುಗ್ಗುತ್ತದೆ. ಬೇಗನೆ ಸ್ಟೋನ್ (ಹಲ್ಲಿನ ಮಾದರಿ ಮಾಡುವ ಗಟ್ಟಿ ಪ್ಲಾಸ್ಟರ್) ಸುರಿಯದೆ ಮೇಜಿನ ಮೇಲೆ ಬಿಟ್ಟರೆ ಸಾಧನ ಸರಿಯಾಗಿ ಕೂರುವುದಿಲ್ಲ. ಸಿಲಿಕೋನ್ ಅಚ್ಚು ಆಕಾರ ಕೆಡಿಸಿಕೊಳ್ಳದು, ಲ್ಯಾಬಿಗೆ ಕೊರಿಯರ್ ಮಾಡಬೇಕಾದರೆ ಅದೇ ಸರಿ. ಬಾಯಿಯೊಳಗೇ ಓಡಿಸುವ ಸ್ಕ್ಯಾನರ್ ಇದ್ದರೆ ಇನ್ನೂ ಒಳ್ಳೆಯದು, ವಾಕರಿಕೆ ಇಲ್ಲ. ಬಗೆ ಯಾವುದಾದರೂ ಕೊನೆಯ ದವಡೆ ಹಲ್ಲಿನ ಹಿಂಬದಿಯೂ ವಸಡಿನ ಅಂಚೂ ಸ್ಪಷ್ಟವಾಗಿ ಬಿದ್ದಿರಬೇಕು. ಹಿಂದಿನ ಹಲ್ಲು ಮಸುಕಾದ ಅಚ್ಚಿನಿಂದ ಮಾಡಿದ ಸಾಧನ ನಡುರಾತ್ರಿ ಕಳಚಿಕೊಳ್ಳುತ್ತದೆ.

ಅಚ್ಚಿಗಿಂತ ಮುಖ್ಯವಾದದ್ದು ಕಚ್ಚಿನ ಅಳತೆ, ಅಂದರೆ ಹಲ್ಲು ಕಚ್ಚುವಾಗ ಕೆಳದವಡೆ ಎಷ್ಟು ಮುಂದೆ ನಿಲ್ಲಬೇಕೆಂಬ ಲೆಕ್ಕ. ಎಡವುವುದೂ ಇಲ್ಲೇ. ಜಾರ್ಜ್ ಗೇಜ್ ಎಂಬ ಪುಟ್ಟ ಅಳತೆಪಟ್ಟಿಯ ಸೀಳುಗಳಲ್ಲಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲು ಕೂರಿಸುತ್ತಾರೆ. ದವಡೆಯನ್ನು ಆದಷ್ಟೂ ಹಿಂದಕ್ಕೆ ಎಳೆದುಕೊಳ್ಳಿ ಎನ್ನುತ್ತಾರೆ: ಪಟ್ಟಿ ಮೈನಸ್ 4 ತೋರಿಸಿತು ಎನ್ನಿ. ಆದಷ್ಟೂ ಮುಂದಕ್ಕೆ ಚಾಚಿ ಎನ್ನುತ್ತಾರೆ: ಪ್ಲಸ್ 8. ಒಟ್ಟು ಓಡಾಟ 12 ಮಿ.ಮೀ. ಇದರ ಅರ್ಧ 6. ಅತಿ ಹಿಂದಿನ ಗುರುತಿನಿಂದ 6 ಮುಂದಕ್ಕೆ, ಅಂದರೆ ಪ್ಲಸ್ 2ಕ್ಕೆ ಪಟ್ಟಿಯನ್ನು ಬಿಗಿ ಮಾಡಿ, ಹಲ್ಲುಗಳ ನಡುವೆ ಸಿಲಿಕೋನ್ ಪೇಸ್ಟ್ ಹಾಕಿ ಗಟ್ಟಿಯಾಗುವವರೆಗೆ ಕಚ್ಚಿಸುತ್ತಾರೆ. ಆರಂಭವನ್ನು ಸಾಮಾನ್ಯವಾಗಿ 50ರಿಂದ 70 ಪ್ರತಿಶತದ ನಡುವೆ ಎಲ್ಲಾದರೂ ಇಡುತ್ತಾರೆ. ದವಡೆಯ ಕೀಲು ನೋವಿನ ಇತಿಹಾಸ ಇದ್ದವರಿಗೆ 50ರ ಕಡೆಯಿಂದ ಹೊರಡುವುದೇ ಜಾಣತನ, ಬೇಕಾದರೆ ಮುಂದೆ ಸರಿಸಲು ಸ್ಕ್ರೂ ಇದ್ದೇ ಇದೆ.

ಮೊದಲ ಸಲ ಜನ ಹೆದರಿ ಪೂರ್ತಿ ಚಾಚುವುದಿಲ್ಲ, ಆದ್ದರಿಂದ ಓಡಾಟವನ್ನು ಮೂರು ಸಲ ಅಳೆದು ಹೆಚ್ಚಿನದನ್ನು ಹಿಡಿಯಬೇಕು. ದವಡೆ ಮುಂದೆ ಬರುವಾಗ ಸಹಜವಾಗಿ ಒಂದು ಬದಿಗೆ ವಾಲುವವರಿದ್ದಾರೆ. ಅದನ್ನು ಬಲವಂತವಾಗಿ ನೇರ ಮಾಡಿ ಕಚ್ಚಿಸಿದರೆ ಒಂದು ಕಿವಿಯ ಮುಂದೆ ಮಾತ್ರ ನೋವು ಬರುತ್ತದೆ. ಮುಂದಿನ ಹಲ್ಲುಗಳ ನಡುವೆ ಬಿಡುವ ಅಂತರ ಕೆಲವೇ ಮಿಲಿಮೀಟರ್ ಇದ್ದರೆ ಸಾಕು. ಬಾಯಿ ಹೆಚ್ಚು ತೆರೆದಷ್ಟೂ ದವಡೆ ಕೆಳಗೆ ಮತ್ತು ಹಿಂದಕ್ಕೆ ತಿರುಗುತ್ತದೆ, ತುಟಿ ಮುಚ್ಚುವುದಿಲ್ಲ, ಬಾಯಿ ಒಣಗುತ್ತದೆ.

ಯಾವ ಮಾದರಿ

ಆನ್‌ಲೈನಿನಲ್ಲಿ ಸಿಗುವ, ಬಿಸಿನೀರಲ್ಲಿ ಮೆದುಮಾಡಿ ಕಚ್ಚಿಕೊಳ್ಳುವ ಸಾಧನ ಬೇಡ. ದಪ್ಪ, ಹಿಡಿತ ಕಡಿಮೆ, ದವಡೆ ಎಷ್ಟು ಮುಂದೆ ಬಂತೆಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಅದು ಒಗ್ಗಲಿಲ್ಲವೆಂದರೆ ಅಳತೆಯದ್ದೂ ಒಗ್ಗದು ಎಂದರ್ಥವಲ್ಲ.

ಅಳತೆಯ ಸಾಧನಗಳಲ್ಲಿ ಮೇಲಿನ ತಟ್ಟೆ, ಕೆಳಗಿನ ತಟ್ಟೆ ಎಂದು ಎರಡು ಭಾಗ. ಅವುಗಳನ್ನು ಬೆಸೆಯುವ ರೀತಿ ಬೇರೆ ಬೇರೆ. ಎರಡೂ ಕಡೆ ರೆಕ್ಕೆಯಂತೆ ಏಳುವ ಭಾಗಕ್ಕೆ ಮೇಲಿನ ಸ್ಕ್ರೂ ಒತ್ತಿಕೊಳ್ಳುವ ಮಾದರಿಯಲ್ಲಿ ಬಾಯಿ ತೆರೆಯಬಹುದು, ನೀರು ಕುಡಿಯಬಹುದು. ಆದರೆ ಬಾಯಿ ಜಾಸ್ತಿ ತೆರೆದರೆ ರೆಕ್ಕೆ ಜಾರುತ್ತದೆ, ಅದಕ್ಕೆ ಪುಟ್ಟ ರಬ್ಬರ್ ಹಾಕಿಕೊಳ್ಳಬೇಕು. ಹರ್ಬ್‌ಸ್ಟ್ ಮಾದರಿಯಲ್ಲಿ ಎರಡೂ ಬದಿ ಲೋಹದ ಸರಳು. ಗಟ್ಟಿ, ಆದರೆ ನಿಕ್ಕಲ್ ಅಲರ್ಜಿ ಇದ್ದವರಿಗೆ ಬೇಡ. ಪಟ್ಟಿ ಜೋಡಿಸುವ ಮಾದರಿ ತೆಳು, ಒಗ್ಗಿಸಿಕೊಳ್ಳಲು ಸುಲಭ. ಅಲ್ಲಿ ಸ್ಕ್ರೂ ಇಲ್ಲ, ಬೇರೆ ಉದ್ದದ ಪಟ್ಟಿ ಬದಲಿಸುತ್ತಾ ಹೋಗುತ್ತಾರೆ, ಪಟ್ಟಿ ಆಗಾಗ ತುಂಡಾಗುತ್ತದೆ. ಮುಂದಿನ ಹಲ್ಲಿನ ಬಳಿ ಕೊಕ್ಕೆ ಇರುವ ಮಾದರಿಯನ್ನು ಬಾಯಲ್ಲಿಟ್ಟುಕೊಂಡೇ ಸರಿಸಬಹುದು, ಆದರೆ ನಾಲಿಗೆಯ ಜಾಗವನ್ನು ಕೊಂಚ ತಿನ್ನುತ್ತದೆ.

ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಮರೆಯದೆ ಹೇಳಿ. ಒಳಗೆ ಮೆದು, ಹೊರಗೆ ಗಟ್ಟಿ ಇರುವ ಎರಡು ಪದರದ ತಟ್ಟೆ ಅಂಥವರ ಬಾಯಲ್ಲಿ ಬೇಗ ಸವೆಯುತ್ತದೆ. ಕೊರೆದು ಮಾಡಿದ ಗಟ್ಟಿ ಅಕ್ರಿಲಿಕ್ ಇಲ್ಲವೇ ತ್ರೀಡಿ ಪ್ರಿಂಟ್ ಮಾಡಿದ ನೈಲಾನ್ ಬಾಳುತ್ತದೆ.

ಕೈಗೆ ಬಂದ ದಿನ

ಕುರ್ಚಿ ಬಿಟ್ಟು ಏಳುವ ಮೊದಲು ಐದು ವಿಷಯ ಖಾತರಿ ಮಾಡಿಕೊಳ್ಳಿ. ಸಾಧನವನ್ನು ಬೆರಳಿನಿಂದ ಹಾಕಿ ಬೆರಳಿನಿಂದಲೇ ತೆಗೆಯಲು ಬರಬೇಕು. ನಾಲಿಗೆಯಿಂದ ತಳ್ಳಿದರೆ ಬಿಚ್ಚಿಕೊಳ್ಳಬಾರದು. ಯಾವೊಂದು ಹಲ್ಲಿನ ಮೇಲೂ ಒತ್ತಡ ನಿಲ್ಲಬಾರದು. ಬಣ್ಣದ ಕಾಗದ ಕಚ್ಚಿಸಿದಾಗ ಎಡಬಲ ಎರಡೂ ಕಡೆ ಸಮನಾಗಿ ಗುರುತು ಬೀಳಬೇಕು. ತುಟಿ ಮುಚ್ಚಬೇಕು. ಸ್ಕ್ರೂ ಎಷ್ಟು ತಿರುಗಿಸಿದರೆ ಎಷ್ಟು ಮಿ.ಮೀ. ಸರಿಯುತ್ತದೆ ಎಂಬುದನ್ನೂ ಅಲ್ಲೇ ಬರೆಸಿಕೊಳ್ಳಿ, ಒಂದೊಂದು ಕಂಪನಿಯದು ಒಂದೊಂದು ಥರ.

ಹಾಕಿಕೊಳ್ಳುವಾಗ ಬೆರಳಿನಿಂದ ಒತ್ತಿ ಕೂರಿಸಿ. ಕಚ್ಚಿ ಕೂರಿಸಿದರೆ ತಟ್ಟೆ ಸೀಳು ಬಿಡುತ್ತದೆ. ಮೊದಲೆರಡು ದಿನ ಮಲಗುವ ಮುಂಚೆ ಟಿ.ವಿ. ನೋಡುತ್ತಾ ಒಂದು ಗಂಟೆ ಹಾಕಿ ಅಭ್ಯಾಸ ಮಾಡಿಕೊಳ್ಳಿ, ಆಮೇಲೆ ರಾತ್ರಿಗೆ. ಬಾಯಲ್ಲಿ ನೀರೂರುವುದು, ಬೆಳಿಗ್ಗೆ ಮುಂದಿನ ಹಲ್ಲುಗಳಲ್ಲಿ ಬಿಗಿತ ಸಹಜ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ.

ಸರಿಸುವುದು

ಮೊದಲ ಒಂದೆರಡು ವಾರ ಸ್ಕ್ರೂ ಮುಟ್ಟಬೇಡಿ. ರಾತ್ರಿಯಿಡೀ ಹಾಕಿಕೊಂಡು ಮಲಗಲು ಬಂದ ಮೇಲೆ ಶುರು. ಒಂದು ಸಲಕ್ಕೆ 0.25ರಿಂದ 0.5 ಮಿ.ಮೀ., ಎಡಬಲ ಎರಡೂ ಕಡೆ ಅಷ್ಟಷ್ಟೇ, ನಡುವೆ ಕೆಲವು ದಿನದ ಬಿಡುವು. ಕ್ಯಾಲೆಂಡರಿನ ಮೇಲೆ ಮೂರೇ ಗುರುತು ಸಾಕು: ಎಷ್ಟು ತಿರುವು, ಬೆಳಿಗ್ಗೆ ದವಡೆ ಹೇಗಿತ್ತು, ಗೊರಕೆ ಕೇಳಿತೇ. ಮೂರನೆಯದನ್ನು ಪಕ್ಕದಲ್ಲಿ ಮಲಗುವವರು ಬರೆಯಲಿ.

ನೋವು ಬಂದರೆ ಹಿಂದಿನ ಗುರುತಿಗೆ ವಾಪಸಾಗಿ ಒಂದು ವಾರ ನಿಲ್ಲಿ. ಗೊರಕೆ ನಿಂತು, ಹಗಲಿನ ತೂಕಡಿಕೆ ಹೋಗಿ, ಬೆಳಗಿನ ತಲೆಭಾರ ಇಳಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೂ ಮುಂದೆ ಒಯ್ದರೆ ಇನ್ನೂ ಒಳ್ಳೆಯದಾಗುತ್ತದೆ ಎಂಬುದು ತಪ್ಪು ಲೆಕ್ಕ. ಅಲ್ಲಿಂದಾಚೆ ಹೆಚ್ಚುವುದು ಹಲ್ಲು ಮತ್ತು ಕೀಲಿನ ಮೇಲಿನ ಎಳೆತ ಮಾತ್ರ. ಈ ಹಂತ ಮುಗಿಯಲು ಕೆಲವು ವಾರಗಳಿಂದ ಮೂರು ತಿಂಗಳವರೆಗೂ ಹಿಡಿಯಬಹುದು.

ಬೆಳಿಗ್ಗೆ ಎದ್ದು

ಸಾಧನ ತೆಗೆದ ಕೂಡಲೇ ಹಿಂದಿನ ಹಲ್ಲುಗಳು ಒಂದಕ್ಕೊಂದು ತಾಗುವುದಿಲ್ಲ. ಹಾಗೇ ದೋಸೆ ಮುರಿಯಲು ಕೂರಬೇಡಿ. ಕೆನ್ನೆಗೆ ಬೆಚ್ಚಗಿನ ಬಟ್ಟೆ ಒತ್ತಿ, ವೈದ್ಯರು ಕೊಟ್ಟ ಪುಟ್ಟ ಕಚ್ಚುಪಟ್ಟಿಯನ್ನು ಹಲ್ಲಿನ ನಡುವೆ ಇಟ್ಟು ಕೆಲವು ನಿಮಿಷ ಮೆಲ್ಲಗೆ ಕಚ್ಚಿ. ನಿಮ್ಮ ಹಳೆಯ ಕಚ್ಚಿನ ಗುರುತು ಅದರಲ್ಲಿರುತ್ತದೆ, ದವಡೆ ಅದಕ್ಕೆ ಮರಳಬೇಕು. ಅದನ್ನು ಕೊಡದಿದ್ದರೆ ಕೇಳಿ ಮಾಡಿಸಿಕೊಳ್ಳಿ. ಎರಡು ಗಂಟೆಯಾದರೂ ದವಡೆ ಹಲ್ಲು ಕೂಡದಿದ್ದರೆ, ಅದು ದಿನವೂ ಹೀಗೇ ಆದರೆ, ವೈದ್ಯರಿಗೆ ತೋರಿಸಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ದವಡೆ ಮುಂದಕ್ಕೆ ಎಳೆದಾಗ ಅದು ಹಿಂದಕ್ಕೆ ಜಗ್ಗುತ್ತದೆ; ಆ ಜಗ್ಗಾಟ ಮೇಲಿನ ಮುಂದಿನ ಹಲ್ಲನ್ನು ಒಳಕ್ಕೂ ಕೆಳಗಿನದನ್ನು ಹೊರಕ್ಕೂ ತಳ್ಳುತ್ತದೆ. ವರ್ಷಗಳ ಮೇಲೆ ಕಚ್ಚು ಕೊಂಚ ಬದಲಾಗುವುದು ಈ ಚಿಕಿತ್ಸೆಯಲ್ಲಿ ಸಾಮಾನ್ಯ. ನೋವಿಲ್ಲದ್ದರಿಂದ ಎಷ್ಟೋ ಜನರ ಗಮನಕ್ಕೂ ಬರುವುದಿಲ್ಲ. ಮಾಡಿಸುವ ಮೊದಲೇ ಇದನ್ನು ತಿಳಿದು ಒಪ್ಪಿಕೊಂಡಿರಬೇಕು. ಆರಂಭದ ಹಲ್ಲಿನ ಮಾದರಿ ಮತ್ತು ಫೋಟೋಗಳನ್ನು ಕ್ಲಿನಿಕ್ಕಿನವರು ಇಟ್ಟುಕೊಂಡಿದ್ದರೆ ಬದಲಾವಣೆ ಎಷ್ಟೆಂದು ಹೋಲಿಸಲು ಬರುತ್ತದೆ.

ತೊಳೆಯುವುದು, ಇಡುವುದು

ತಣ್ಣೀರು, ಮೆದು ಬ್ರಷ್, ಒಂದು ಹನಿ ಸೋಪು ಸಾಕು. ಟೂತ್‌ಪೇಸ್ಟ್ ಬೇಡ, ಅದರ ಪುಡಿ ಗೀರು ಹಾಕುತ್ತದೆ, ಗೀರಿನಲ್ಲಿ ವಾಸನೆ ನಿಲ್ಲುತ್ತದೆ. ಗೀಸರಿನ ಬಿಸಿನೀರಿಗೆ ಹಿಡಿಯಬೇಡಿ, ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಸೊಟ್ಟಗಾದರೆ ಮತ್ತೆ ನೆಟ್ಟಗೆ ಮಾಡಲಾಗದು. ಬೋರ್‌ವೆಲ್ಲಿನ ಗಡಸು ನೀರಾದರೆ ಬಿಳಿ ಪದರ ಕಟ್ಟುತ್ತದೆ. ವಾರಕ್ಕೊಮ್ಮೆ ಹಲ್ಲುಸೆಟ್ ತೊಳೆಯುವ ಮಾತ್ರೆ ಹಾಕಿದ ನೀರಲ್ಲಿ ನೆನೆಸಿ. ಲೋಹದ ಭಾಗ ಇದ್ದರೆ ಯಾವ ಮಾತ್ರೆ ಎಂದು ಕೇಳಿಕೊಳ್ಳಿ. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿಯ ಮುಚ್ಚಳ ಹಾಕಿಡಿ, ಎಂಜಲಿನ ವಾಸನೆಗೆ ಅದು ಜಗಿಯದೆ ಬಿಡುವುದಿಲ್ಲ.

ಹಾಕಿಕೊಂಡೇ ಮತ್ತೊಂದು ಪರೀಕ್ಷೆ

ಗೊರಕೆ ನಿಂತಿತು, ಇನ್ನೇನು ಬೇಕು ಎನಿಸುವುದು ಇಲ್ಲಿಯೇ. ಸದ್ದು ನಿಂತೂ ಉಸಿರುತಡೆ ಉಳಿದಿರಬಹುದು. ಸರಿಸುವುದು ಮುಗಿದ ಮೇಲೆ ಸಾಧನ ಬಾಯಲ್ಲಿಟ್ಟುಕೊಂಡೇ ಮೊದಲಿನ ಬಗೆಯ ಪರೀಕ್ಷೆಯನ್ನೇ ಮಾಡಿಸಿ, ಎರಡು ರಿಪೋರ್ಟ್ ಅಕ್ಕಪಕ್ಕ ಇಟ್ಟು ನೋಡಿ. ಎಎಚ್‌ಐ 5ರ ಕೆಳಗೆ ಬಂದರೆ ಉತ್ತಮ. 10ರ ಒಳಗೆ ಬಂದು ಹಗಲಿನ ಸುಸ್ತೂ ಹೋಗಿದ್ದರೆ ಸಾಕೋ ಹೇಗೆ ಎಂಬುದನ್ನು ನಿದ್ರೆಯ ವೈದ್ಯರು ಹೇಳಬೇಕು. 24ರಿಂದ 16ಕ್ಕೆ ಇಳಿದರೆ ಇಳಿದಂತೆ ಕಂಡರೂ ಕಾಯಿಲೆ ಇನ್ನೂ ಮಧ್ಯಮ ಹಂತದಲ್ಲೇ ಇದೆ. ಆಗ ಇನ್ನೊಂದಿಷ್ಟು ಸರಿಸುವುದು, ಮಗ್ಗುಲಾಗಿ ಮಲಗುವ ಅಭ್ಯಾಸ ಸೇರಿಸುವುದು, ರಾತ್ರಿಯ ಮದ್ಯ ಬಿಡುವುದು, ಇವನ್ನು ಮಾಡಿ ನೋಡಬಹುದು. ಅದಕ್ಕೂ ಬಗ್ಗದಿದ್ದರೆ ಸಿಪ್ಯಾಪ್‌ಗೆ ಹೋಗಬೇಕು. ಎರಡನ್ನೂ ಒಟ್ಟಿಗೆ ಬಳಸುವವರೂ ಇದ್ದಾರೆ. ದವಡೆ ಮುಂದಿದ್ದರೆ ಯಂತ್ರದ ಗಾಳಿಯೊತ್ತಡ ಕಡಿಮೆ ಸಾಕಾಗುತ್ತದೆ.

ಆಮೇಲೆ ಆರು ತಿಂಗಳಿಗೊಮ್ಮೆ, ಎಲ್ಲ ಸರಿಯಿದ್ದರೆ ವರ್ಷಕ್ಕೊಮ್ಮೆ ಹಲ್ಲು, ಕೀಲು, ಸಾಧನ ಮೂರನ್ನೂ ತೋರಿಸಿ. ಚೆನ್ನಾಗಿ ನೋಡಿಕೊಂಡ ಸಾಧನ ಮೂರರಿಂದ ಐದು ವರ್ಷ ಬರುತ್ತದೆ. ಅದು ಗಟ್ಟಿಯಾಗಿಯೇ ಇದ್ದು ಗೊರಕೆ ಮರಳಿದರೆ ಸ್ಕ್ರೂ ತಿರುಗಿಸುವ ಮೊದಲು ತೂಕದ ಯಂತ್ರ ಹತ್ತಿ. ತೂಕ ಏರಿದ್ದರೆ ಹಳೆಯ ಅಳತೆ ಸಾಲದೆ ಬಂದಿರಬಹುದು, ನಿದ್ರೆ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು.